ಅಜ್ಜಿಯ ಕಾಲ ಮೇಲೆ ಬೋರಲು ಕೂಸು

ಮಣೆಯ ಮೇಲೆ ಕುಳಿತ ಅಜ್ಜಿ ಎರಡೂ ಕಾಲು ನೀಡಿದ್ದಾಳೆ. ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿದ್ದೂ ಆಗಿದೆ. ಮೈತುಂಬ ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡ ಒಂದು ತಿಂಗಳ ಕೂಸು ಆ ಕಾಲುಗಳ ನಡುವಿನ ತಗ್ಗಿನಲ್ಲಿ ಮೊದಲು ಅಂಗಾತ ಮಲಗುತ್ತದೆ. ಎದೆ, ಹೊಟ್ಟೆ, ತೊಡೆಸಂದು ತೊಳೆದಾದ ಮೇಲೆ ಅಜ್ಜಿಯ ಒಂದು ಕೈ ಕೂಸಿನ ಎದೆಯ ಕೆಳಗೆ ಹೋಗುತ್ತದೆ, ಇನ್ನೊಂದು ಕತ್ತಿಗೆ ಆಸರೆಯಾಗುತ್ತದೆ. ಮರುಗಳಿಗೆಯಲ್ಲಿ ಕೂಸು ಬೋರಲು. ಬೆನ್ನ ಮೇಲೆ ಚೊಂಬಿನ ನೀರು ಬೀಳುತ್ತದೆ. ಅಳುತ್ತಿದ್ದ ಕೂಸು ಕೆಂಪಾದ ಮುಖವನ್ನು ಬೆರಳಗಲ ಮೇಲೆತ್ತಿ, ತಡೆಯಲಾರದೆ ಮತ್ತೆ ಕೆನ್ನೆ ಊರುತ್ತದೆ.

ಭದ್ರಾ ನಾಲೆಯ ನೀರು ಹರಿಯುವ ಗದ್ದೆ, ಅಡಿಕೆ ತೋಟಗಳ ನಡುವಿನ ತ್ಯಾವಣಿಗೆಯಂಥ ಊರುಗಳಲ್ಲಿ ಬಾಣಂತಿ ಇರುವ ಮನೆಯ ಬಚ್ಚಲಲ್ಲಿ ದಿನವೂ ನಡೆಯುವ ಕೆಲಸ ಇದು. ಅದೇ ಮನೆಯಲ್ಲಿ ಅದೇ ದಿನ ಮಧ್ಯಾಹ್ನ ಇನ್ನೊಂದು ದೃಶ್ಯ. ಬಾಣಂತನಕ್ಕೆಂದು ತವರಿಗೆ ಬಂದ ಮೊಮ್ಮಗಳು ಪಡಸಾಲೆಯಲ್ಲಿ ಕೌದಿ ಹಾಸಿ, ಎಚ್ಚರವಾಗಿರುವ ಕೂಸನ್ನು ಅದರ ಮೇಲೆ ಬೋರಲು ಮಲಗಿಸುತ್ತಾಳೆ. ಫೋನಿನಲ್ಲಿ ಯಾರೋ ವೈದ್ಯರು ಹೇಳಿದ ‘ಟಮ್ಮಿ ಟೈಮ್’ ಅದು. ಅಡುಗೆಮನೆಯಿಂದ ಅಜ್ಜಿ ಓಡಿ ಬರುತ್ತಾಳೆ.

“ಅಲ್ಲವ್ವಾ, ಕೂಸಿನ ಕುತ್ತಿಗೆ ಇನ್ನೂ ನಿಂತಿಲ್ಲ, ಬೋರ್ಲು ಹಾಕೀಯಲ್ಲ! ಉಸಿರು ಕಟ್ಟಿದ್ರೆ?”

“ಬೆಳಿಗ್ಗೆ ನೀನೇ ಹಾಕಿದ್ದೆಲ್ಲ ಅಜ್ಜಿ, ಕಾಲ ಮೇಲೆ?”

“ಅದು ನೀರು ಹಾಕಾದು. ಇದು ಬೇರೆ.”

ನಿಜಕ್ಕೂ ಬೇರೆಯೇ? ಅಜ್ಜಿಯ ಭಯಕ್ಕೂ ಮೊಮ್ಮಗಳ ಹಟಕ್ಕೂ ಒಂದೊಂದು ಚರಿತ್ರೆಯಿದೆ. ಎರಡನ್ನೂ ಕೇಳಿದರೆ ಇಬ್ಬರ ಮಾತೂ ಅರ್ಧರ್ಧ ಸರಿ ಎಂದು ತಿಳಿಯುತ್ತದೆ. ಆ ಎರಡು ಅರ್ಧಗಳನ್ನು ಕೂಡಿಸುವುದೇ ಈ ಅಧ್ಯಾಯದ ಕೆಲಸ.

ತಜ್ಞರು ತಪ್ಪಿದ ಕಾಲ

ಅಜ್ಜಿಯ ಭಯದಿಂದಲೇ ಶುರುಮಾಡೋಣ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕ, ಯುರೋಪಿನ ತಾಯಂದಿರಿಗೆ ಮಕ್ಕಳ ಪಾಲನೆಯ ದೊಡ್ಡ ಗುರು ಎಂದರೆ ಡಾಕ್ಟರ್ ಬೆಂಜಮಿನ್ ಸ್ಪಾಕ್. 1946ರಲ್ಲಿ ಮೊದಲು ಅಚ್ಚಾದ ಅವರ ಪುಸ್ತಕ ಕೋಟಿಗಟ್ಟಲೆ ಪ್ರತಿ ಮಾರಾಟವಾಯಿತು. ಮಗುವನ್ನು ಹೊಟ್ಟೆಯ ಮೇಲೆ ಮಲಗಿಸಿ ನಿದ್ದೆ ಮಾಡಿಸುವುದು ಒಳ್ಳೆಯದು ಎಂಬ ಸಲಹೆ 1950ರ ದಶಕದ ಆವೃತ್ತಿಗಳಲ್ಲಿ ಸೇರಿಕೊಂಡಿತು. ಅಂಗಾತ ಮಲಗಿದ ಮಗು ಹಾಲು ಕಕ್ಕಿದರೆ ಅದು ಗಂಟಲಿಗೆ ಸಿಕ್ಕಿಕೊಂಡೀತು ಎಂಬುದು ಅದರ ಹಿಂದಿನ ತರ್ಕ. ಕೇಳಲು ಸರಿಯೆನಿಸುವ ತರ್ಕವೇ. ಆದರೆ ಯಾರೂ ಅದನ್ನು ಪರೀಕ್ಷೆಗೆ ಒಡ್ಡಿರಲಿಲ್ಲ.

ಆ ದೇಶಗಳಲ್ಲಿ ಆರೋಗ್ಯವಾಗಿದ್ದ ಶಿಶುಗಳು ನಿದ್ದೆಯಲ್ಲೇ ತೀರಿಕೊಳ್ಳುವುದು ದೊಡ್ಡ ಒಗಟಾಯಿತು. ಹಠಾತ್ ಶಿಶುಮರಣ ಎಂದು ಅದಕ್ಕೆ ಹೆಸರಿಟ್ಟರು. ಒಗಟು ಬಿಡಿಸಲು ಹೊರಟವರಿಗೆ ಮತ್ತೆ ಮತ್ತೆ ಕಂಡದ್ದು ಒಂದೇ: ತೀರಿಕೊಂಡ ಮಕ್ಕಳಲ್ಲಿ ಬಹಳಷ್ಟು ಬೋರಲು ಮಲಗಿದ್ದವು. ನೆದರ್ಲೆಂಡ್ಸ್ 1987ರಲ್ಲಿ, ಬ್ರಿಟನ್ ಮತ್ತು ನ್ಯೂಜಿಲೆಂಡ್ 1991ರಲ್ಲಿ, ಅಮೆರಿಕ 1994ರಲ್ಲಿ ದೇಶವ್ಯಾಪಿ ಪ್ರಚಾರ ಮಾಡಿ ಮಕ್ಕಳನ್ನು ಅಂಗಾತ ಮಲಗಿಸಿದವು. ಅಮೆರಿಕದಲ್ಲಿ ಇಂಥ ಸಾವುಗಳು ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಳಿದವು. ಔಷಧಿಯಿಲ್ಲ, ಯಂತ್ರವಿಲ್ಲ, ಮಗುವನ್ನು ಮಗುಚಿ ಮಲಗಿಸಿದ್ದಷ್ಟೇ.

2005ರಲ್ಲಿ ಬ್ರಿಟನ್ನಿನ ರೂತ್ ಗಿಲ್ಬರ್ಟ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ಲೆಕ್ಕ ಮಾಡಿದರು. ಬೋರಲು ನಿದ್ದೆ ಅಪಾಯ ಎಂಬುದಕ್ಕೆ ಸಾಕಷ್ಟು ಆಧಾರ 1970ರಲ್ಲೇ ಸಿಗುವಂತಿತ್ತು. ಆಗಲೇ ಅದನ್ನು ಒಟ್ಟುಗೂಡಿಸಿ ನೋಡಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ, ಆಸ್ಟ್ರೇಲಿಯಾ ಭಾಗಗಳಲ್ಲಿ ಕನಿಷ್ಠ 50,000 ಶಿಶುಗಳು ಉಳಿಯಬಹುದಿತ್ತು ಎಂದರು.

ಅಲ್ಲಿಯ ತಜ್ಞರು ಹೀಗೆ ಎಡವುತ್ತಿದ್ದ ಕಾಲದಲ್ಲಿ ತ್ಯಾವಣಿಗೆಯ ಅಜ್ಜಿ ಕೂಸನ್ನು ತೊಟ್ಟಿಲಲ್ಲಿ ಅಂಗಾತವೇ ಮಲಗಿಸುತ್ತಿದ್ದಳು. ನಿದ್ದೆಯ ಮಟ್ಟಿಗೆ ಅವಳ ಭಯ ಸರಿಯಾಗಿತ್ತು. ಬೋರಲು ನಿದ್ದೆಹೋದ ಎಳೆಯ ಮಗು ತಾನು ಬಿಟ್ಟ ಉಸಿರನ್ನೇ ಹಾಸಿಗೆಯ ಗುಳಿಯಿಂದ ಮತ್ತೆ ಎಳೆದುಕೊಳ್ಳಬಹುದು. ಇಂಗಾಲದ ಡೈಆಕ್ಸೈಡ್ ಏರಿ ಆಮ್ಲಜನಕ ಇಳಿಯುತ್ತದೆ. ಮೈ ಕಾವು ಹೊರಹೋಗುವುದು ಕಡಿಮೆಯಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೋರಲು ನಿದ್ದೆಯಲ್ಲಿ ಮಗು ಸುಲಭವಾಗಿ ಎಚ್ಚರಗೊಳ್ಳುವುದಿಲ್ಲ. ಉಸಿರಿಗೆ ತೊಂದರೆಯಾದಾಗ ಕೊಸರಾಡಿ ಏಳಬೇಕಾದ ಕೂಸು ಏಳುವುದೇ ಇಲ್ಲ. ಇನ್ನು ಹಾಲು ಗಂಟಲಿಗೆ ಸಿಕ್ಕುವ ಮಾತು: ಅಂಗಾತ ಮಲಗಿದಾಗ ಶ್ವಾಸನಾಳ ಅನ್ನನಾಳದ ಮೇಲ್ಗಡೆ ಇರುತ್ತದೆ, ಆದ್ದರಿಂದ ಕಕ್ಕಿದ ಹಾಲು ಮೇಲೇರಿ ಅದರೊಳಗೆ ಹೋಗುವುದು ಕಷ್ಟ. ಬೋರಲು ಮಲಗಿದಾಗ ಮೇಲು ಕೆಳಗು ಅದಲುಬದಲಾಗುತ್ತದೆ. ಸ್ಪಾಕರ ತರ್ಕ ತಲೆಕೆಳಗಾಗಿತ್ತು.

ಬೆನ್ನಿಗೆ ಬಿದ್ದವರಿಗೆ ಹೊಟ್ಟೆ ನೆನಪಾದದ್ದು

ಈಗ ಮೊಮ್ಮಗಳ ಕಡೆಯ ಕತೆ. ಮಕ್ಕಳೆಲ್ಲ ಅಂಗಾತ ಮಲಗತೊಡಗಿದ ಮೇಲೆ ಪಶ್ಚಿಮದ ವೈದ್ಯರ ಮುಂದೆ ಎರಡು ಹೊಸ ದೂರುಗಳು ಬಂದವು. ಒಂದು, ತಲೆಯ ಹಿಂಭಾಗ ಚಪ್ಪಟೆಯಾದ ಮಕ್ಕಳು. ಕೆನಡಾದ ಕ್ಯಾಲ್ಗರಿಯಲ್ಲಿ ಏಳರಿಂದ ಹನ್ನೆರಡು ವಾರದ 440 ಶಿಶುಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 205 ಮಕ್ಕಳ ತಲೆ ಒಂದಿಷ್ಟಾದರೂ ಚಪ್ಪಟೆಯಾಗಿತ್ತು. ಎರಡನೆಯದು, ಹೊರಳುವುದು, ತೆವಳುವುದು ತುಸು ತಡವಾದ ಮಕ್ಕಳು. ಅಲ್ಲಿಯ ಮಗು ರಾತ್ರಿ ಮಂಚದಲ್ಲಿ, ಹಗಲು ಕಾರಿನ ಸೀಟಿನಲ್ಲಿ, ತಳ್ಳುಗಾಡಿಯಲ್ಲಿ, ಹೊತ್ತೆಲ್ಲ ಬೆನ್ನ ಮೇಲೇ. ಹೊಟ್ಟೆ ನೆಲಕ್ಕೆ ತಾಗುವ ಸಂದರ್ಭವೇ ಅದರ ದಿನದಿಂದ ಮಾಯವಾಗಿತ್ತು. ಆಗ ವೈದ್ಯರು ಅದನ್ನೊಂದು ವ್ಯಾಯಾಮವೆಂದು ಮತ್ತೆ ಒಳಗೆ ಕರೆದರು, ಹೆಸರಿಟ್ಟರು, ನಿಮಿಷ ಗೊತ್ತುಮಾಡಿದರು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ, ಇನ್ನೂ ತಾನಾಗಿ ಸರಿದಾಡದ ಮಗು ಎಚ್ಚರವಿರುವಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ ಬೋರಲು ಇರಬೇಕು, ಒಂದೇ ಸಲಕ್ಕಲ್ಲ, ದಿನವಿಡೀ ಹಂಚಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ, ಆಸ್ಪತ್ರೆಯಿಂದ ಮನೆಗೆ ಬಂದ ಕೂಡಲೇ ಸ್ವಲ್ಪ ಸ್ವಲ್ಪ ಶುರುಮಾಡಿ ಏಳು ವಾರದ ಹೊತ್ತಿಗೆ ದಿನಕ್ಕೆ 15ರಿಂದ 30 ನಿಮಿಷ ತಲುಪಬೇಕು ಎಂದಿತು.

ತ್ಯಾವಣಿಗೆಯಲ್ಲಿ ಇದಕ್ಕೆ ಬೇರೆ ಹೆಸರು ಬೇಕಾಗಿರಲಿಲ್ಲ. ಎಣ್ಣೆ ತಿಕ್ಕುವಾಗ ಒಂದಷ್ಟು ಹೊತ್ತು, ನೀರು ಹಾಕುವಾಗ ಒಂದಷ್ಟು ಹೊತ್ತು, ತೇಗು ಬರಿಸಲು ಹೆಗಲ ಮೇಲೆ ಹಾಕಿಕೊಂಡಾಗ ಒಂದಷ್ಟು ಹೊತ್ತು ಕೂಸಿನ ಹೊಟ್ಟೆಗೆ ಒಂದು ಮೈ ತಾಗುತ್ತಿತ್ತು. ವ್ಯಾಯಾಮ ಅಜ್ಜಿಯ ಕೆಲಸದೊಳಗೇ ಅಡಗಿತ್ತು.

ಕುತ್ತಿಗೆ ನಿಲ್ಲುವುದು ಎಂದರೆ

“ಕುತ್ತಿಗೆ ನಿಂತ ಮೇಲೆ ಬೋರಲು ಹಾಕು” ಎಂಬುದು ಹಿರಿಯರ ಮಾತು. ಕುತ್ತಿಗೆ ನಿಲ್ಲುವುದು ಹೇಗೆ ಎಂದು ನೋಡಿದರೆ ಈ ಮಾತನ್ನು ತಿರುಗಿಸಬೇಕಾಗುತ್ತದೆ.

ಹುಟ್ಟಿದ ಮಗುವಿನ ಉದ್ದದಲ್ಲಿ ಕಾಲು ಭಾಗ ತಲೆಯದೇ. ದೊಡ್ಡವರಲ್ಲಿ ಅದು ಎಂಟನೆಯ ಒಂದು ಭಾಗದಷ್ಟು. ಅಷ್ಟು ದೊಡ್ಡ ತಲೆಯನ್ನು ಎಳೆಯ ಕತ್ತು ಹೊರಬೇಕು. ಒಂಬತ್ತು ತಿಂಗಳು ಗರ್ಭದಲ್ಲಿ ಮುದುಡಿಕೊಂಡಿದ್ದ ಮೈಯಲ್ಲಿ ಮಡಚುವ ಸ್ನಾಯುಗಳಿಗೇ ಬಿಗಿ ಹೆಚ್ಚು, ಬೆನ್ನು ಕತ್ತುಗಳನ್ನು ಹಿಂದಕ್ಕೆ ಎತ್ತುವ ಸ್ನಾಯುಗಳಿಗೆ ಇನ್ನೂ ಕೆಲಸ ಸಿಕ್ಕಿರುವುದಿಲ್ಲ. ಆದ್ದರಿಂದ ಮೊದಲ ವಾರಗಳಲ್ಲಿ ಬೋರಲು ಹಾಕಿದ ಕೂಸು ಮಂಡಿಗಳನ್ನು ಹೊಟ್ಟೆಯಡಿ ಎಳೆದುಕೊಂಡು, ಕುಂಡಿ ಮೇಲೆ ಮಾಡಿ, ಭಾರವನ್ನೆಲ್ಲ ಕೆನ್ನೆಯ ಮೇಲೆ ಹಾಕಿ ಮಲಗುತ್ತದೆ. ಆದರೂ ಅದು ಪೂರ್ತಿ ಅಸಹಾಯಕವಲ್ಲ. ಮೂಗು ಹಾಸಿಗೆಗೆ ಒತ್ತಿದರೆ ತಲೆಯನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುವಷ್ಟು ಶಕ್ತಿ ಆರೋಗ್ಯವಂತ ನವಜಾತ ಶಿಶುವಿಗೆ ಎಚ್ಚರದಲ್ಲಿ ಇರುತ್ತದೆ.

ಮೈಯ ಹಿಡಿತ ತಲೆಯಿಂದ ಕೆಳಗೆ ಇಳಿದು ಬರುತ್ತದೆ: ಮೊದಲು ಕತ್ತು, ಆಮೇಲೆ ಹೆಗಲು, ಬೆನ್ನು, ಸೊಂಟ, ಕಾಲು. ಒಂದು ತಿಂಗಳಿಗೆ ಗದ್ದ ಒಂದು ಕ್ಷಣ ಮೇಲೇಳುತ್ತದೆ. ಎರಡು ತಿಂಗಳ ಆಸುಪಾಸಿಗೆ ತಲೆ ಎತ್ತಿ ತುಸು ಹೊತ್ತು ನಿಲ್ಲಿಸುತ್ತದೆ. ನಾಲ್ಕು ತಿಂಗಳಿಗೆ ಮೊಣಕೈ ಊರಿ ಎದೆ ಎತ್ತುತ್ತದೆ. ಆರು ತಿಂಗಳಿಗೆ ಅಂಗೈ ಊರಿ, ಕೈ ನೇರ ಮಾಡಿ, ಹೊರಳುತ್ತದೆ. ಹುಟ್ಟಿದಾಗ ಬಿಲ್ಲಿನಂತೆ ಒಂದೇ ಬಾಗಿದ್ದ ಬೆನ್ನುಮೂಳೆಯ ಸಾಲಿಗೆ ಕತ್ತಿನಲ್ಲಿ ಒಂದು ಮರುಬಾಗು ಗಟ್ಟಿಗೊಳ್ಳುವುದೂ ಈ ತಲೆಯೆತ್ತುವ ದಿನಗಳಲ್ಲೇ. ಕುಳಿತು ನಡೆಯುವಾಗ ಸೊಂಟದ ಬಾಗು ಮೂಡುತ್ತದೆ.

ಅಂದರೆ ಕುತ್ತಿಗೆ ತಾನಾಗಿ ನಿಲ್ಲುವವರೆಗೆ ಕಾದು ಬೋರಲು ಹಾಕುವುದಲ್ಲ. ಈಜು ಕಲಿತ ಮೇಲೆ ಕೆರೆಗಿಳಿಯುತ್ತೇನೆ ಎಂದ ಹಾಗಾಯಿತು ಅದು. ಬೋರಲು ಬಿದ್ದು ಎತ್ತಿ ಎತ್ತಿಯೇ ಕುತ್ತಿಗೆ ನಿಲ್ಲುತ್ತದೆ.

ಹಾಗಾದರೆ ಯಾವತ್ತಿನಿಂದ?

ಉತ್ತರ ಚಿಕ್ಕದು: ಹುಟ್ಟಿದ ದಿನದಿಂದ. ಆದರೆ ನೆಲದ ಮೇಲಲ್ಲ, ತಾಯಿಯ ಮೈಮೇಲೆ.

ಸ್ವೀಡನ್ನಿನ ಆನ್-ಮರಿ ವಿಡ್‌ಸ್ಟ್ರೋಮ್ ಮತ್ತು ಸಂಗಡಿಗರು 1987ರಲ್ಲಿ ಒಂದು ಸೋಜಿಗವನ್ನು ದಾಖಲಿಸಿದರು. ಆಗಷ್ಟೇ ಹುಟ್ಟಿದ ಶಿಶುವನ್ನು ಒರೆಸಿ ತಾಯಿಯ ಮೈಮೇಲೆ ಬೋರಲು ಬಿಟ್ಟರೆ ಅದು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಕಾಲು ಒತ್ತಿ, ತಲೆ ಕುಲುಕಿ, ಮೊಲೆಯನ್ನು ತಾನೇ ಹುಡುಕಿಕೊಂಡು ಹಾಲು ಚೀಪತೊಡಗುತ್ತದೆ. ಜಗತ್ತಿಗೆ ಬಂದ ಮೊದಲ ಗಂಟೆಯಲ್ಲೇ ಮಗು ಬೋರಲು ಮಲಗಿ ಒಂದು ಕೆಲಸ ಮಾಡಿ ತೋರಿಸುತ್ತದೆ.

ತೂಕ ಕಡಿಮೆಯಿರುವ ಕೂಸುಗಳಿಗಂತೂ ಈ ಭಂಗಿ ಜೀವ ಉಳಿಸುವ ಚಿಕಿತ್ಸೆ. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾ ನಗರದಲ್ಲಿ ಇನ್‌ಕ್ಯುಬೇಟರುಗಳು ಸಾಲದೆ ಹೋದಾಗ ವೈದ್ಯರಾದ ಎಡ್ಗರ್ ರೇ ಮತ್ತು ಎಕ್ಟರ್ ಮಾರ್ಟಿನೆಸ್ ಎಳೆಗೂಸುಗಳನ್ನು ತಾಯಿಯ ಬರಿಯೆದೆಗೆ ಅವುಚಿ ಕಟ್ಟುವ ಕ್ರಮ ತಂದರು. ಅದೇ ಕಾಂಗರೂ ಆರೈಕೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ಕೆ.ಜಿ.ಯಿಂದ 1.8 ಕೆ.ಜಿ. ಒಳಗಿನ ತೂಕದ ಶಿಶುಗಳಿಗೆ ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದಾಗ ಮೊದಲ 28 ದಿನಗಳ ಸಾವು ಶೇ. 25ರಷ್ಟು ತಗ್ಗಿತು. ನಮ್ಮಲ್ಲೇ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಮತ್ತು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸರ್ಕಾರದ ಜೊತೆ ನಿಂತು ಕಾಂಗರೂ ಆರೈಕೆಯನ್ನು ಹಳ್ಳಿಯ ತಾಯಂದಿರವರೆಗೆ ಒಯ್ದಿವೆ.

ತುಂಬು ತಿಂಗಳ ಕೂಸಿಗೆ ಇಷ್ಟೆಲ್ಲ ವ್ಯವಸ್ಥೆ ಬೇಡ. ಮೊದಲ ಒಂದೆರಡು ವಾರ, ಹೊಕ್ಕುಳು ಇನ್ನೂ ಬಿದ್ದಿರದ ದಿನಗಳಲ್ಲಿ, ದಿಂಬಿಗೆ ಒರಗಿದ ತಾಯಿಯ ಎದೆಯ ಮೇಲೆ ಬೋರಲು ಹಾಕಿದರೆ ಸಾಕು. ಸಿಸೇರಿಯನ್ ಆಗಿ ಹೊಲಿಗೆಯ ನೋವಿದ್ದರೆ ಅಪ್ಪನ ಎದೆಯೂ ನಡೆಯುತ್ತದೆ, ಅಜ್ಜಿಯ ಎದೆಯೂ ನಡೆಯುತ್ತದೆ. ಒಂದೇ ಷರತ್ತು, ಹೊತ್ತುಕೊಂಡವರು ತೂಕಡಿಸಬಾರದು. ಹೊಕ್ಕುಳು ಬಿದ್ದು ಒಣಗಿದ ಮೇಲೆ ನೆಲದ ಕೌದಿ.

ಹಾಕದಿದ್ದರೆ ಏನಾಗುತ್ತದೆ?

ಫೋನಿನ ಸಲಹೆಗಳು ತಾಯಂದಿರಲ್ಲಿ ಇನ್ನೊಂದು ಭಯ ಹುಟ್ಟಿಸಿವೆ: ಇವತ್ತು ಹತ್ತು ನಿಮಿಷ ತಪ್ಪಿತು, ಮಗು ಹಿಂದೆ ಬಿದ್ದೀತು. ಇಲ್ಲಿ ವಿಜ್ಞಾನ ಸ್ವಲ್ಪ ಸಮಾಧಾನದ ಮಾತು ಹೇಳುತ್ತದೆ.

ಅಮೆರಿಕದಲ್ಲಿ 351 ಶಿಶುಗಳನ್ನು ಹಿಂಬಾಲಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೋರಲು ನಿದ್ದೆ ಮಾಡುತ್ತಿದ್ದ ಮಕ್ಕಳು ಹೊರಳುವುದು, ತೆವಳುವುದು, ಅಂಬೆಗಾಲಿಡುವುದನ್ನು ಅಂಗಾತ ಮಲಗುತ್ತಿದ್ದ ಮಕ್ಕಳಿಗಿಂತ ಬೇಗ ಕಲಿತವು. ಆದರೆ ನಡೆಯಲು ಶುರುಮಾಡಿದ ವಯಸ್ಸು ಎರಡೂ ಗುಂಪಿಗೆ ಒಂದೇ. ತಡವಾದ ಮಕ್ಕಳೂ ಸಹಜ ಮಿತಿಯೊಳಗೇ ಇದ್ದವು. 2020ರಲ್ಲಿ ಎಂಟು ದೇಶಗಳ 16 ಅಧ್ಯಯನಗಳನ್ನು, 4,237 ಮಕ್ಕಳನ್ನು ಒಟ್ಟಿಗೆ ನೋಡಿದ ವಿಮರ್ಶೆ, ಎಚ್ಚರದಲ್ಲಿ ಬೋರಲು ಆಡಿದ ಮಕ್ಕಳಿಗೆ ಹೊರಳುವ, ತೆವಳುವ ಚಟುವಟಿಕೆಗಳಲ್ಲಿ ಅನುಕೂಲವಾಗುತ್ತದೆ, ತಲೆ ಚಪ್ಪಟೆಯಾಗುವುದು ತಪ್ಪುತ್ತದೆ ಎಂದಿತು. ಲಾಭ ಇದೆ, ಆದರೆ ಮಗುವಿನ ಭವಿಷ್ಯವೆಲ್ಲ ಅದರ ಮೇಲೆ ನಿಂತಿಲ್ಲ.

ದೂರದ ಎರಡು ನಾಡುಗಳ ಉದಾಹರಣೆ ಇದನ್ನು ಇನ್ನಷ್ಟು ಬಿಡಿಸುತ್ತದೆ. ಕೆನ್ಯಾದ ಕಿಪ್ಸಿಗಿಸ್ ಜನ ಮಗುವಿಗೆ ಕೂರುವುದನ್ನು, ನಡೆಯುವುದನ್ನು ಹಟಹಿಡಿದು ಕಲಿಸುತ್ತಾರೆ. ನೆಲದಲ್ಲಿ ಗುಂಡಿ ತೋಡಿ, ಬಟ್ಟೆ ಒತ್ತರಿಸಿ ಕೂಸನ್ನು ಕೂರಿಸುವುದೂ ಉಂಟು. ಚಾರ್ಲ್ಸ್ ಸೂಪರ್ 1976ರಲ್ಲಿ ಬರೆದಂತೆ, ಆ ಮಕ್ಕಳು ಕೂರುವುದರಲ್ಲಿ, ನಡೆಯುವುದರಲ್ಲಿ ಪಶ್ಚಿಮದ ಮಕ್ಕಳಿಗಿಂತ ಮುಂದು, ಯಾರೂ ಕಲಿಸದ ಅಂಬೆಗಾಲಿನಲ್ಲಿ ಮುಂದಲ್ಲ. ತಜಿಕಿಸ್ತಾನದಲ್ಲಿ ಇದರ ವಿರುದ್ಧ. ಅಲ್ಲಿ ಕೂಸನ್ನು ‘ಗಹ್ವೊರಾ’ ಎಂಬ ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಕೈಕಾಲು ಅಲ್ಲಾಡದಂತೆ ಕಟ್ಟಿ ಗಂಟೆಗಟ್ಟಲೆ ಇಡುತ್ತಾರೆ. ಆ ಮಕ್ಕಳು ಕೂರುವುದು, ನಡೆಯುವುದು ತಡ. ಆದರೆ ನಾಲ್ಕೈದು ವರ್ಷದ ಹೊತ್ತಿಗೆ ಎಲ್ಲರಂತೆ ಓಡುತ್ತವೆ, ಜಿಗಿಯುತ್ತವೆ ಎಂದು ಲಾನಾ ಕರಾಸಿಕ್ ಅವರ ತಂಡ ಕಂಡುಕೊಂಡಿದೆ. ಎಳೆಯ ಮೈ ಕಲಿಸಿದ್ದನ್ನು ಬೇಗ ಕಲಿಯುತ್ತದೆ, ಕಲಿಸದ್ದನ್ನು ತಡವಾಗಿಯಾದರೂ ಕಲಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ 816 ಮಕ್ಕಳನ್ನು ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಆಸರೆಯಿಲ್ಲದೆ ನಡೆಯುವ ಸಹಜ ವಯಸ್ಸು 8.2 ತಿಂಗಳಿಂದ 17.6 ತಿಂಗಳವರೆಗೆ ಹರಡಿಕೊಂಡಿದೆ. ಶೇ. 4.3ರಷ್ಟು ಮಕ್ಕಳು ಅಂಬೆಗಾಲಿಡದೆಯೇ ನಡೆದುಬಿಟ್ಟವು. ಪಕ್ಕದ ಮನೆಯ ಕೂಸು ಆಗಲೇ ಹೊಸಿಲು ದಾಟಿತು ಎಂದು ಎದೆ ಹೊಡೆದುಕೊಳ್ಳಬೇಕಿಲ್ಲ.

ತೊಟ್ಟಿಲು, ಜೋಳಿಗೆ, ಕೌದಿ

ತ್ಯಾವಣಿಗೆಯ ಕೂಸಿನ ದಿನವೂ ಬದಲಾಗಿದೆ. ನೀರು ಹಾಕುವ ಅಜ್ಜಿಯರು ಕಡಿಮೆಯಾಗುತ್ತಿದ್ದಾರೆ. ಮೂರು ತಿಂಗಳು, ಐದು ತಿಂಗಳು ನಡೆಯುತ್ತಿದ್ದ ಬಾಣಂತನ ಎಷ್ಟೋ ಮನೆಗಳಲ್ಲಿ ಮೊಟಕಾಗಿದೆ. ಬಚ್ಚಲ ಪಾಠ ನಿಂತ ಮೇಲೆ ಕೂಸಿಗೆ ಉಳಿಯುವುದು ತೊಟ್ಟಿಲು. ನಾಟಿಯ ಹೊತ್ತಿನಲ್ಲಿ ಗದ್ದೆಗೆ ಕೂಲಿಗೆ ಹೋಗುವ ತಾಯಿಯ ಕೂಸಿಗೆ ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಳಿಗೆ. ಅದರೊಳಗೆ ಮೈ ಬಿಲ್ಲಾಗಿ ಬಾಗಿರುತ್ತದೆ, ಕೈಕಾಲು ಒತ್ತಲು ಗಟ್ಟಿ ನೆಲ ಸಿಗುವುದಿಲ್ಲ. ಕೆಲಸದ ಹೊತ್ತಿಗೆ ಅದು ತಪ್ಪದು. ಆದರೆ ಮನೆಗೆ ಬಂದ ಮೇಲೆ ಕೂಸಿಗೆ ಗಟ್ಟಿ ನೆಲ ಬೇಕು.

ತಲೆ ದುಂಡಗಾಗಲೆಂದು ಸಾಸಿವೆ ತುಂಬಿದ ದಿಂಬು ಇಡುವವರಿದ್ದಾರೆ, ನೀರು ಹಾಕುವಾಗ ತಲೆ ಒತ್ತಿ ತಿದ್ದುವವರಿದ್ದಾರೆ. ಎಳೆಯ ತಲೆಬುರುಡೆಯ ಎಲುಬುಗಳು ಇನ್ನೂ ಬೆಸೆದಿರುವುದಿಲ್ಲ, ಮುಂದಿನ ನೆತ್ತಿ ಮುಚ್ಚಲು ಸುಮಾರು ಒಂದೂವರೆ ವರ್ಷ ಬೇಕು. ಒಂದೇ ಕಡೆ ಒತ್ತಡ ಬಿದ್ದಲ್ಲಿ ತಲೆ ಚಪ್ಪಟೆಯಾಗುತ್ತದೆ, ಒತ್ತಡ ತಪ್ಪಿದರೆ ಬೆಳೆಯುವ ಮಿದುಳೇ ಅದನ್ನು ಒಳಗಿನಿಂದ ದುಂಡಗೆ ಮಾಡುತ್ತದೆ. ಅದಕ್ಕೆ ಕೈಯಿಂದ ಒತ್ತುವುದು ಬೇಡ, ನಿದ್ದೆಯಲ್ಲಿ ದಿಂಬಂತೂ ಬೇಡವೇ ಬೇಡ. ಮೂಗಿಗೆ ಊದುವುದು, ಮೂಗು ಕಿವಿಗೆ ಎಣ್ಣೆ ಬಿಡುವುದು, ಮುಖದ ಮೇಲೆ ಲೋಬಾನದ ಹೊಗೆ ಹಾಯಿಸುವುದು, ಇವನ್ನೂ ಅಜ್ಜಿ ಕೈಬಿಡಲಿ. ಅವಳ ಕಾಲ ಮೇಲಿನ ಬೋರಲು ಮಾತ್ರ ಉಳಿಯಲಿ.

ಕೌದಿಯ ಮೇಲೆ ಹಾಕುವ ಕ್ರಮ ಸುಲಭ. ಹಾಲು ಕುಡಿದ ತಕ್ಷಣ ಬೇಡ, ಕಕ್ಕುತ್ತದೆ. ಬಟ್ಟೆ ಬದಲಿಸಿದ ಮೇಲೆ, ನಿದ್ದೆಯಿಂದ ಎದ್ದು ಖುಷಿಯಾಗಿರುವಾಗ ಒಂದೆರಡು ನಿಮಿಷ, ದಿನಕ್ಕೆ ಎರಡು ಮೂರು ಸಲ. ಮೆತ್ತನೆಯ ಹಾಸಿಗೆಯಲ್ಲ, ನೆಲದ ಮೇಲೆ ಬಿಗಿಯಾಗಿ ಹಾಸಿದ ಕೌದಿ. ಮಂಚದ ಮೇಲಂತೂ ಅಲ್ಲ, ಹೊರಳಿ ಬೀಳುವ ದಿನ ಹೇಳಿ ಬರುವುದಿಲ್ಲ. ಅಳತೊಡಗಿದರೆ ಎತ್ತಿಕೊಳ್ಳಿ. ಕಣ್ಣು ಕೂಡತೊಡಗಿದರೆ ಅಂಗಾತ ತಿರುಗಿಸಿ. ತಿಂಗಳು ತುಂಬುತ್ತ ಹೊತ್ತು ತಾನಾಗಿ ಬೆಳೆಯುತ್ತದೆ.

ಆಶಾ ಕಾರ್ಯಕರ್ತೆ ಹೆರಿಗೆಯಾದ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕೆಂಬುದು 2011ರಿಂದ ಇರುವ ಕ್ರಮ. ತಾಯಿ ಕಾರ್ಡ್ ತೆರೆದು ಅವರನ್ನೇ ಕೇಳಬಹುದು. ಮೂರು ತಿಂಗಳಾದರೂ ಬೋರಲಿನಲ್ಲಿ ತಲೆ ಸ್ವಲ್ಪವೂ ಎತ್ತದಿದ್ದರೆ, ನಾಲ್ಕು ತಿಂಗಳಾದರೂ ಕುತ್ತಿಗೆ ವಾಲಾಡುತ್ತಿದ್ದರೆ, ಕೂಸು ಸದಾ ಒಂದೇ ಕಡೆ ಕತ್ತು ತಿರುಗಿಸಿದರೆ, ಮೈ ತೀರಾ ಸಡಿಲ ಅಥವಾ ತೀರಾ ಬಿಗಿ ಎನಿಸಿದರೆ, ಪಕ್ಕದ ಮನೆಯವರನ್ನು ಕೇಳುತ್ತ ಕೂರದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ತಿಂಗಳು ತುಂಬದೆ ಹುಟ್ಟಿದ ಕೂಸಾದರೆ ಲೆಕ್ಕವನ್ನು ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಿದ್ದ ದಿನದಿಂದ ಹಾಕಬೇಕು.

ಅದು ಬೇರೆ, ಇದು ಬೇರೆ

ಅಜ್ಜಿಯ ಮಾತಿಗೆ ಮರಳೋಣ. “ಅದು ನೀರು ಹಾಕಾದು, ಇದು ಬೇರೆ” ಎಂದಳಲ್ಲ, ಅದರಲ್ಲೂ ಒಂದು ಸತ್ಯವಿದೆ. ಅವಳ ಕಾಲ ಮೇಲೆ ಬೋರಲಾದ ಕೂಸಿನ ಎದೆಯಡಿ ಒಂದು ಕೈ ಇರುತ್ತದೆ, ಬೆನ್ನ ಮೇಲೆ ಒಂದು ಕೈ, ಮುಖದ ಮೇಲೆ ಎರಡು ಕಣ್ಣು. ಆ ಹೊತ್ತಿನಲ್ಲಿ ಅವಳು ಬೇರೆ ಯಾವ ಕೆಲಸವನ್ನೂ ಮಾಡಲಾರಳು. ಮೊಮ್ಮಗಳ ಕೌದಿಯ ಪಕ್ಕದಲ್ಲಿ ಫೋನಿದೆ, ಒಳಗೆ ಒಲೆಯ ಮೇಲೆ ಹಾಲಿದೆ. ಅಜ್ಜಿ ಹೆದರಿದ್ದು ಬಹುಶಃ ಬೋರಲಿಗಲ್ಲ, ಕೂಸನ್ನು ಒಂಟಿಯಾಗಿ ಬಿಡುವುದಕ್ಕೆ.

ಹುಟ್ಟಿದ ಕೂಸಿನ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದು ಒಂದು ಗೇಣಿನಿಂದ ಒಂದೂವರೆ ಗೇಣಿನ ದೂರವಷ್ಟೇ. ಹಾಗಾಗಿ ಅದು ತಲೆ ಎತ್ತಬೇಕೆಂದರೆ ಅಷ್ಟು ಹತ್ತಿರದಲ್ಲಿ ಒಂದು ಮುಖ ಬೇಕು. ಮೊಮ್ಮಗಳು ಫೋನು ಬದಿಗಿಟ್ಟು ಕೌದಿಯ ಎದುರು ತಾನೂ ಬೋರಲು ಮಲಗುತ್ತಾಳೆ. ಮಂಡಿನೋವಿನ ಅಜ್ಜಿ ಗೋಡೆಗೊರಗಿ ಕುಳಿತು ಗಿಲಕಿ ಆಡಿಸುತ್ತಾಳೆ. ಕೂಸು ಕೆಂಪಾಗುತ್ತದೆ, ಮುಲುಕುತ್ತದೆ, ಗದ್ದವನ್ನು ಬೆರಳಗಲ ಮೇಲೆತ್ತಿ ಇಬ್ಬರಲ್ಲಿ ಯಾರನ್ನು ನೋಡಲಿ ಎಂಬಂತೆ ತಲೆ ತೂಗಿ, ಕೆನ್ನೆ ಊರುತ್ತದೆ.

“ಸಾಕು, ಎತ್ಕೋ” ಎನ್ನುತ್ತಾಳೆ ಅಜ್ಜಿ. “ನಾಳೆ ನೀರು ಹಾಕಿದ ಮೇಲೆ ಇನ್ನೊಂದು ಗಳಿಗೆ ಹಾಕಾಣ.”